ಟವೆಲ್ ಕೆಳಗಿನ ಅಂಕಗಳು

ಯಾರನ್ನಾದರೂ ಟಿವಿಯ ಮುಂದೆ ಕೂರಿಸಿ, "ಚಿತ್ರ ಎಷ್ಟು ಸ್ಪಷ್ಟವಾಗಿದೆ, ಐದಕ್ಕೆ ಎಷ್ಟು ಅಂಕ ಕೊಡುತ್ತೀರಿ" ಎಂದು ಕೇಳಿ ನೋಡಿ. ಚಿತ್ರವೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಅಂಕ ಬೀಳುತ್ತವೆ. ಟಿವಿಗೆ ಬೀಳುತ್ತವೆ, ಟಿವಿ ಹೊತ್ತು ತಂದವರಿಗೆ ಬೀಳುತ್ತವೆ, ಕೊಟ್ಟ ಚಹಾಕ್ಕೂ ಬೀಳುತ್ತವೆ. ಏಳು ಭಾನುವಾರ, ಐದು ತಾಲ್ಲೂಕು ತಿರುಗಿ ನಾನು ಈ ಪ್ರಶ್ನೆ ಕೇಳಿದೆ. ಹೀಗಾಗದ ಭಾನುವಾರ ಒಂದೂ ಇರಲಿಲ್ಲ.

ನಾನು ಚಿಕ್ಕೋಡಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ನಮ್ಮ ಕಡೆಯವರಿಗೆ ನಾನು ಬಾಯಾರು, ಅಂದರೆ ಟೀಚರು. ನಮ್ಮ ಮನೆಯವರು ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಶಾಲೆಗಳು ಮುಚ್ಚಿದ್ದ ದಿನಗಳಲ್ಲಿ ಮನೆಯ ಹಿಂದಿನ ಕೋಣೆಯಲ್ಲಿ ಬೋರ್ಡು ಹಾಕಿಕೊಂಡು ಪಾಠಗಳನ್ನು ವಿಡಿಯೊ ಮಾಡಿಟ್ಟಿದ್ದರು. ಅವರು ತೀರಿಕೊಂಡು ಹತ್ತು ತಿಂಗಳು ಹನ್ನೆರಡು ದಿನವಾಗಿದ್ದಾಗ ಒಂದು ಇಂಜಿನಿಯರಿಂಗ್ ಕಾಲೇಜಿನ ಮೇಡಂ ಆ ವಿಡಿಯೊಗಳನ್ನು ಕೇಳಿಕೊಂಡು ಮನೆಗೆ ಬಂದರು.

ವಿಡಿಯೊವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸಬೇಕಾದರೆ ಅದರ ಗಾತ್ರ ತಗ್ಗಿಸಬೇಕಂತೆ. ತಗ್ಗಿಸಿದಷ್ಟೂ ಬೇಗ ಹೋಗುತ್ತದೆ, ತಗ್ಗಿಸಿದಷ್ಟೂ ಚಿತ್ರ ಕೆಡುತ್ತದೆ. ಎಲ್ಲಿಯವರೆಗೆ ಕೆಟ್ಟರೆ ನೋಡುವವರು ಸಹಿಸುತ್ತಾರೆ ಎನ್ನುವುದನ್ನು ಕಂಪ್ಯೂಟರ್ ಅಂದಾಜು ಮಾಡಬಹುದು, ಆದರೆ ಕೊನೆಯ ಮಾತು ಮನುಷ್ಯರ ಕಣ್ಣಿನದೇ. ಅದನ್ನು ಅಳೆಯುವುದು ಮೇಡಂ ಅವರ ಸಂಶೋಧನೆ. ಸಿಗ್ನಲ್ ಸರಿಯಾಗಿ ಸಿಗದ ಊರಿನ ಶಾಲೆಗಳಿಗೆ ಪಾಠ ಕಳಿಸುವ ಒಂದು ಶಿಕ್ಷಕರ ಬಳಗ, ಇವರ ಅಳತೆಯಲ್ಲಿ ಯಾವ ಗಾತ್ರ ಪಾಸಾಗುತ್ತದೋ ಅದರಲ್ಲೇ ನಮ್ಮ ಮನೆಯವರ ಪಾಠಗಳನ್ನು ಕಳಿಸಲು ಒಪ್ಪಿತ್ತು. ಗಾತ್ರಗಳು ನಾಲ್ಕು. ನೋಡಿದವರ ಅಂಕದ ಸರಾಸರಿ ಮೂರು ಅಥವಾ ಹೆಚ್ಚು ಬಂದ ಗಾತ್ರಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಯಾವುದೋ ಅದು ಖಾಯಂ.

ನಾಲ್ಕನ್ನೂ ಮೇಡಂ ನನಗೆ ತೋರಿಸಿದರು. ಪಾಠ ಭಿನ್ನರಾಶಿಯದು. ಮೊದಲ ಮೂರು ಗಾತ್ರದಲ್ಲಿ ಬೋರ್ಡಿನ ಮೇಲೆ ಎಂಟನೇ ಮೂರು ಎಂದು ಓದಲು ಬರುತ್ತಿತ್ತು. ಎಲ್ಲಕ್ಕಿಂತ ಚಿಕ್ಕದರಲ್ಲಿ ಮೂರೂ ಎಂಟರಂತೆ ಕಾಣುತ್ತಿತ್ತು. ಬಾಯಲ್ಲಿ "ರೊಟ್ಟಿಯ ಎಂಟನೇ ಮೂರು ಭಾಗ" ಎನ್ನುತ್ತಾರೆ, ಬೋರ್ಡಿನ ಮೇಲೆ ಇಡೀ ರೊಟ್ಟಿ ಇದೆ. ಅವರು ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಬೋರ್ಡಿನ ಮೇಲೆ ತಪ್ಪು ಲೆಕ್ಕ ಬರೆದವರಲ್ಲ. ತೀರಿಕೊಂಡ ಮೇಲೆ ಬರೆಯುವುದು ನನಗೆ ಸರಿ ಕಾಣಲಿಲ್ಲ. ಆ ಚಿಕ್ಕ ಗಾತ್ರ ನಪಾಸಾಗಬೇಕು ಎನ್ನುವುದೊಂದೇ ನನ್ನ ಆಸೆ.

ಮೇಡಂಗೆ ಅಳತೆ ಹಿಡಿಯಲು, ಅಂಕ ಬರೆದುಕೊಳ್ಳಲು ಒಬ್ಬರು ಬೇಕಿತ್ತು. ನಾನು ಬರುತ್ತೇನೆ ಎಂದೆ. ಅವರು ಒಂದೇ ಷರತ್ತು ಹಾಕಿದರು. ಯಾವ ಚಿತ್ರ ಒಳ್ಳೆಯದು, ಯಾವುದು ಕೆಟ್ಟದ್ದು ಎಂಬ ಸುಳಿವು ನನ್ನ ಬಾಯಲ್ಲಿ ಇರಲಿ, ಮುಖದಲ್ಲೂ ಕಾಣಬಾರದು. ಆ ವರ್ಷ ಅದು ನನಗೆ ಕಷ್ಟವಾಗಲಿಲ್ಲ.

೧. ಬೂದು ಬಣ್ಣಕ್ಕೂ ಐದು

ಮೊದಲ ಭಾನುವಾರ ನಮ್ಮ ಶಾಲೆಯ ಖಾಲಿ ಕೋಣೆಯಲ್ಲಿ ಕಿಟಕಿಗಳಿಗೆ ದಪ್ಪ ಪರದೆ ಬಿಟ್ಟೆವು. ಟಿವಿಯಿಂದ ಕುರ್ಚಿಗೆ ಎಷ್ಟು ದೂರ ಎನ್ನುವುದನ್ನು ಟೇಪಿನಿಂದ ಅಳೆದು ಸುಣ್ಣದ ಗೆರೆ ಎಳೆದೆ. ಒಬ್ಬೊಬ್ಬರೇ ಬಂದು ಕೂರಬೇಕು. ಹತ್ತು ಸೆಕೆಂಡು ಒಂದು ಚಿತ್ರ, ಆಮೇಲೆ ಕಣ್ಣಿಗೆ ವಿಶ್ರಾಂತಿಗೆಂದು ಸ್ವಲ್ಪ ಹೊತ್ತು ಬರೀ ಬೂದು ಬಣ್ಣ. ಆ ಹೊತ್ತಿನಲ್ಲಿ ಹಾಳೆಯ ಮೇಲೆ ಅಂಕ ಬರೆಯಬೇಕು. ದ್ರಾಕ್ಷಿ ತೋಟ, ಹರಿಯುವ ಹೊಳೆ, ಹುಡುಗರ ಕ್ರಿಕೆಟ್, ಭಿನ್ನರಾಶಿ ಪಾಠ, ಪ್ರತಿಯೊಂದೂ ನಾಲ್ಕು ಗಾತ್ರದಲ್ಲಿ, ಹಿಂದುಮುಂದಾಗಿ ಬರುತ್ತವೆ. ನಡುವೆ ಬೇಕೆಂದೇ ಪೂರಾ ಕೆಡಿಸಿದ ಒಂದು ಚಿತ್ರವನ್ನೂ ಮೇಡಂ ಸೇರಿಸಿದ್ದರು. ಅದಕ್ಕೂ ಐದು ಕೊಟ್ಟವರು ನೋಡಿ ಬರೆದಿಲ್ಲ ಎಂದು ತಿಳಿದು ಅವರ ಹಾಳೆ ಬದಿಗಿಡುವುದು ನಿಯಮ.

ಮೊದಲು ಬಂದವರು ಕರೋಶಿಯ ಒಬ್ಬ ಕಬ್ಬಿನ ರೈತರು. ಇಸ್ತ್ರಿ ಮಾಡಿದ ಅಂಗಿ, ಹೊಸ ಟೋಪಿ. ಕೈಮುಗಿದು ಕೂತರು, ಕಣ್ಣು ಮಿಟುಕಿಸದೆ ನೋಡಿದರು, ಎಲ್ಲಕ್ಕೂ ಐದು ಬರೆದರು. ಕೆಡಿಸಿದ ಚಿತ್ರಕ್ಕೂ ಐದು.

ಮೇಡಂ ತಡೆಯಲಾರದೆ, "ಇದು ಕೆಟ್ಟಿದ್ದು ನಿಮಗ ಕಾಣಲಿಲ್ಲೇನ್ರಿ?" ಎಂದು ಕೇಳಿದರು.

"ಕಾಣ್ತಲ್ರಿ. ಮಾರಿ ಎಲ್ಲಿ, ಗ್ವಾಡಿ ಎಲ್ಲಿ ತಿಳೀಲಿಲ್ಲ."

"ಮತ್ತ ಐದು ಕೊಟ್ಟೀರಿ?"

"ನೀವು ಇಷ್ಟ ದೊಡ್ಡ ಟಿವಿ ಹೊತಗೊಂಡ ಬಂದೀರಿ, ಚಾ ಕೊಟ್ಟೀರಿ. ನಿಮ್ಮ ಮಾರಿ ಮುಂದ ಕುಂತು ಕೆಟ್ಟೈತಿ ಅಂತ ಹ್ಯಾಂಗ ಬರೀಲ್ರಿ?"

ಹಾಳೆ ತಿರುಗಿಸಿ ನೋಡಿದರೆ ಪ್ರತಿ ಚಿತ್ರದ ಕೆಳಗೆ ಅವರೇ ಒಂದೊಂದು ಹೊಸ ಸಾಲು ಗೆರೆ ಹೊಡೆದು ಅಲ್ಲೂ ಐದು ಬರೆದಿದ್ದರು. ಇದೇನು ಎಂದು ಕೇಳಿದೆ.

"ನಡುನಡುವ ಬೂದಿ ಬಣ್ಣ ತೋರಿಸಿದ್ರೆಲ್ಲ ಬಾಯಾರ, ಅದಕ್ಕ ನೀವು ಜಾಗಾನ ಬಿಟ್ಟಿದ್ದಿಲ್ಲ. ನಾನ ಗೆರಿ ಹೊಡಕೊಂಡೆ. ಖರೇ ಹೇಳಬೇಕಂದ್ರ ಎಲ್ಲಾದ್ರಾಗೂ ಅದಾ ಚಲೋ ಇತ್ತು. ಕಣ್ಣಿಗೆ ತಂಪು."

೨. ನಿಂತು ನೋಡಿದ ವಿದ್ಯಾರ್ಥಿ

ಅದೇ ಭಾನುವಾರ ಮಧ್ಯಾಹ್ನ ಬಂದವನು ನಮ್ಮ ಮನೆಯವರ ಹಳೆಯ ವಿದ್ಯಾರ್ಥಿ. ಈಗ ಬಸ್ ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ದಿನವೂ ಕಾಗದ ನೋಡುವ ಕಣ್ಣು. ತೋಟ, ಹೊಳೆ, ಕ್ರಿಕೆಟ್ ಎಲ್ಲಕ್ಕೂ ತೂಗಿ ಅಂಕ ಕೊಟ್ಟ. ಕೆಡಿಸಿದ್ದಕ್ಕೆ ಒಂದು ಬರೆದ. ನನಗೆ ಧೈರ್ಯ ಬಂತು.

ಅಷ್ಟರಲ್ಲಿ ಪರದೆಯ ಮೇಲೆ ಭಿನ್ನರಾಶಿ ಪಾಠ ಬಂತು. ಅವನು ಕುರ್ಚಿಯಿಂದ ಎದ್ದು ನಿಂತ.

"ಕೂಡ್ರಿ, ಕಣ್ಣಿನ ಎತ್ತರ ಬದಲಾಗ್ತದ," ಎಂದರು ಮೇಡಂ.

"ಸರ್ ನಿಂತಾರಲ್ರಿ ಮೇಡಂ."

"ಅದು ವಿಡಿಯೊ ಅದಪ."

"ವಿಡಿಯೊ ಇದ್ರೇನಾತ್ರಿ, ಸರ್ ಅವ್ರ ಅಲ್ಲೇನು? ಕೂಡು ಅನ್ನಲಿ, ಕೂಡ್ತೀನಿ."

ಆ ಹತ್ತು ಸೆಕೆಂಡಿನಲ್ಲಿ ಅವರು ಕೂಡು ಎನ್ನುವುದಿಲ್ಲ. ನಾಲ್ಕು ಗಾತ್ರ, ನಾಲ್ಕು ಸಲ ಎದ್ದು ನಿಂತ. ನಾಲ್ಕಕ್ಕೂ ಐದು. ಉಳಿದ ಚಿತ್ರಗಳಿಗೆ ನ್ಯಾಯವಾಗಿ ಬರೆದಿದ್ದರಿಂದ ಹಾಳೆ ಬದಿಗಿಡುವಂತೆಯೂ ಇಲ್ಲ. ಚಿಕ್ಕೋಡಿಯ ಎರಡು ಭಾನುವಾರಗಳಲ್ಲಿ ಅವರ ವಿದ್ಯಾರ್ಥಿಗಳು ಎಷ್ಟು ಜನ ಬಂದರೋ ಅಷ್ಟೂ ಜನ ಹೀಗೇ ಮಾಡಿದರು. ಇವರ ಪ್ರೀತಿಯೇ ಅವರ ಮೂರನ್ನು ಎಂಟು ಮಾಡುತ್ತದಲ್ಲ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿದೆ.

ಹಾಳೆ ಕೈಗೆ ಬಂದ ಮೇಲೆ ಮಾತಾಡಲು ನನಗೆ ಅಡ್ಡಿಯಿಲ್ಲ. "ಬೋರ್ಡಿನ ಮ್ಯಾಲ ಏನ ಬರ್ದಿದ್ರು, ಕಾಣ್ತಿತ್ತೇನಪಾ?" ಎಂದು ಕೇಳಿದೆ.

"ಬೋರ್ಡಿನ ಕಡೆ ಎಲ್ಲಿ ನೋಡ್ತೀರಿ ಬಾಯಾರ. ಸರ್ ಕ್ಲಾಸಿನ್ಯಾಗ ನಾ ಯಾವತ್ತೂ ಅವರ ಕೈಯಾಗಿನ ಡಸ್ಟರ್ ಕಡೆನ ನೋಡ್ತಿದ್ದೆ," ಎಂದ. "ಅದು ನಾಲ್ಕೂ ಚಿತ್ರದಾಗ ಸ್ಪಷ್ಟ ಇತ್ತು ನೋಡ್ರಿ."

೩. ಎದುರು ಬರುವವರ ಕಣ್ಣು

ಪ್ರೀತಿಸುವವರಿಂದ ಆಗದ ಕೆಲಸ ಪ್ರೀತಿ ಇಲ್ಲದವರಿಂದ ಆದೀತು ಎಂದು ನನಗೆ ಅನ್ನಿಸಿತು. ರಾಯಬಾಗಕ್ಕೆ ಹೋದಾಗ ಅಲಖನೂರಿನ ಒಬ್ಬನಿಗೆ ಹೇಳಿಕಳಿಸಿದೆ. ಚಿಕ್ಕೋಡಿಯಲ್ಲಿ ಸೋದರಮಾವನ ಮನೆಯಲ್ಲಿದ್ದು ಓದಿದವನು, ಗಣಿತದಲ್ಲಿ ಮೂರು ಸಲ ಇವರ ಕೈಯಲ್ಲಿ ನಪಾಸಾದವನು. ಈಗ ಕಬ್ಬಿನ ಟ್ರ್ಯಾಕ್ಟರ್ ಓಡಿಸುತ್ತಾನೆ. ಇವನು ಯಾವ ಮುಲಾಜಿಗೂ ಐದು ಕೊಡಲಾರ.

ಚಿತ್ರ ತೋರಿಸುವ ಮೊದಲು ಎಲ್ಲರ ಕಣ್ಣನ್ನೂ ಪರೀಕ್ಷಿಸಬೇಕು. ಗೋಡೆಗೆ ಅಕ್ಷರದ ಚಾರ್ಟು ಹಚ್ಚಿದ್ದೆವು. ಅವನು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೇ ಉಸಿರಿನಲ್ಲಿ ಓದಿಬಿಟ್ಟ. ಅಷ್ಟು ಚುರುಕು ಯಾರದೂ ಇರಲಿಲ್ಲ. ಮೇಡಂ ಚಾರ್ಟು ತೆಗೆದು ಬೇರೆ ಅಕ್ಷರಗಳ ಇನ್ನೊಂದನ್ನು ಹಚ್ಚಿದರು. ಅದನ್ನೂ ಅವನು ಅಷ್ಟೇ ಚುರುಕಾಗಿ ಓದಿದ. ಮೊದಲಿನ ಚಾರ್ಟಿನಲ್ಲಿ ಇದ್ದದ್ದನ್ನೇ. ಹೊರಗೆ ಕೂತಿದ್ದಾಗ ಅವನ ಮುಂದಿನವನು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿದ್ದ.

"ಮೊದಲನೇ ಸಾಲರೆ ಕಾಣ್ತೈತೇನಪಾ?" ಎಂದು ನಾನು ಕೇಳಿದೆ.

"ಗ್ವಾಡಿ ಕಾಣ್ತೈತ್ರಿ."

ಮೇಡಂ ಪೆನ್ನು ಕೆಳಗಿಟ್ಟರು. "ಮತ್ತ ಟ್ರ್ಯಾಕ್ಟರ್ ಹ್ಯಾಂಗ ಓಡಸ್ತಿ?"

"ಎದುರು ಬರೋರಿಗೆ ಕಣ್ಣ ಇರ್ತಾವಲ್ರಿ ಮೇಡಂ."

ಆ ದಿನ ಅವನಿಗೆ ಚಿತ್ರ ತೋರಿಸಲಿಲ್ಲ. ಟ್ರ್ಯಾಕ್ಟರನ್ನು ಅಲ್ಲೇ ಬಿಡಿಸಿ, ಅವನನ್ನು ರಾಯಬಾಗದ ಕಣ್ಣಿನ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ನಮ್ಮ ಮನೆಯವರು ಸಣ್ಣ ಅಕ್ಷರ ಬರೆಯುತ್ತಿದ್ದರು, ಇವನು ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದ. ಮೂರು ಸಲ ನಪಾಸಾದದ್ದು ಯಾಕೆ ಎಂದು ನನಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಾಗ ಹೊಳೆಯಿತು. ಇವರು ಇದ್ದಿದ್ದರೆ ಮನೆಗೆ ಬಂದು ಹೇಳುತ್ತಿದ್ದೆ.

ಮರುವಾರ ಕನ್ನಡಕ ಹಾಕಿಕೊಂಡು ಬಂದ. ಎರಡೂ ಚಾರ್ಟು ಸರಿಯಾಗಿ ಓದಿದ. ಭಿನ್ನರಾಶಿಯ ಎಲ್ಲಕ್ಕಿಂತ ಚಿಕ್ಕ ಗಾತ್ರ ಬಂದಾಗ ಮುಂದೆ ಬಾಗಿ ನೋಡಿದ, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದ.

"ಸರ್ ಬೋರ್ಡಿನ ಮ್ಯಾಲ ಬರೀತಿದ್ರು ಅಂತ ನನಗ ಗೊತ್ತಾ ಇದ್ದಿದ್ದಿಲ್ರಿ ಬಾಯಾರ. ಬರೀ ಹೇಳ್ತಿದ್ರು ಅಂತ ತಿಳದಿದ್ದೆ," ಎಂದು ಹೇಳಿ ಐದು ಬರೆದ.

೪. ಕೌದಿ

ಅಥಣಿಯಲ್ಲಿ ಒಂದು ಜೈನ ಮನೆತನದವರು ತಮ್ಮ ಪಡಸಾಲೆ ಬಿಟ್ಟುಕೊಟ್ಟರು. ದ್ರಾಕ್ಷಿ ತೋಟದವರು. ಆ ಮನೆಯ ಅಜ್ಜಿ ಐವತ್ತು ವರ್ಷದಿಂದ ಒಣದ್ರಾಕ್ಷಿ, ಅಲ್ಲಿಯ ಮಾತಿನಲ್ಲಿ ಮಣೂಕ, ಆರಿಸುತ್ತಿದ್ದಾರೆ. ರಾಶಿಯ ಮುಂದೆ ಕೂತು, ಬಣ್ಣ ನೋಡಿ, ಇದು ಮೊದಲನೇ ದರ್ಜೆ, ಇದು ಎರಡನೇದು ಎಂದು ಎರಡು ಕೈಯಲ್ಲಿ ಎರಡು ಬುಟ್ಟಿಗೆ ಹಾಕುವ ಕೆಲಸ. ಮನೆಯವರು ಬೇಡವೆಂದರೂ ತಾವೂ ನೋಡುತ್ತೇನೆ ಎಂದು ಬಂದು ಕೂತರು.

ಅಜ್ಜಿಗೆ ಅಂಕೆ ಬರೆಯಲು ಬರುವುದಿಲ್ಲ. ಬಾಯಲ್ಲಿ ಹೇಳಿದರು, ನಾನು ಬರೆದೆ. ತೋಟದ ಚಿತ್ರ ಮೊದಲನೇ ಗಾತ್ರದಲ್ಲಿ ಬಂತು. "ನಾಲ್ಕು." ಎರಡನೇ ಗಾತ್ರದಲ್ಲಿ ಬಂತು. "ಮೂರು." ಈ ಎರಡರ ನಡುವಿನ ವ್ಯತ್ಯಾಸ ಮೇಡಂ ಅವರಿಗೇ ಕಾಣುತ್ತಿರಲಿಲ್ಲ. ಹಾಳೆಯಲ್ಲಿ ಬರೆದಿದ್ದಕ್ಕೆ ಗೊತ್ತು, ಅಷ್ಟೇ. ಅಜ್ಜಿ ಪ್ರತಿ ಸಲವೂ ತಪ್ಪದೆ ಹಿಡಿದರು.

ಒಬ್ಬರು ಸ್ಥಿರವಾಗಿ ಅಂಕ ಕೊಡುತ್ತಾರೋ ಇಲ್ಲವೋ ನೋಡಲು ಮೇಡಂ ಒಂದೇ ಚಿತ್ರವನ್ನು ಹೇಳದೆ ಎರಡು ಸಲ ಸೇರಿಸಿದ್ದರು.

"ಇದು ಆಗಳೇ ಬಂದಿತ್ತಲ್ಲವ್ವಾ," ಎಂದರು ಅಜ್ಜಿ. "ಒಂದಾ ಮಣೂಕ ತಿರುಗಿ ರಾಶ್ಯಾಗ ಒಗದ್ರ ನನಗ ತಿಳ್ಯಾಂಗಿಲ್ಲ ಅಂತ ಮಾಡೀರೇನು?"

ಚಿತ್ರದ ಗಾತ್ರ ತಗ್ಗಿಸಿದಾಗ ಅಲ್ಲಲ್ಲಿ ಚೌಕ ಚೌಕ ತುಂಡು ಕಾಣುತ್ತದೆ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂದು ಮೇಡಂ ಮೊದಲ ದಿನದಿಂದ ನನ್ನನ್ನು ಕೇಳುತ್ತಿದ್ದರು. ಕನ್ನಡ ಶಿಕ್ಷಕಿಯಾಗಿ ಮೂರು ಪದ ಮಾಡಿಕೊಟ್ಟಿದ್ದೆ, ಮೂರೂ ನನಗೇ ಸೇರಿರಲಿಲ್ಲ. ಅಜ್ಜಿ ಹೊಳೆಯ ಚಿತ್ರ ನೋಡಿ, "ನೀರು ಕೌದಿ ಆಗೈತಿ," ಎಂದರು. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದ ಹೊದಿಕೆ. ಮೇಡಂ ಕೂಡಲೇ ಬರೆದುಕೊಂಡರು.

ಭಿನ್ನರಾಶಿಯ ಚಿಕ್ಕ ಗಾತ್ರ ಬಂದಾಗ ನಾನು ನನ್ನ ಹಾಳೆಯನ್ನೇ ನೋಡುತ್ತ ಕೂತೆ. "ಈ ಮಾಸ್ತರು ಬಾಯಿಲೆ ಒಂದು ಹೇಳಾಕತ್ತಾರ, ಬರ್ದದ್ದು ಎರಡೂ ಒಂದಾನಮೂನಿ ಕಾಣಾಕತ್ತಾವು," ಎಂದರು ಅಜ್ಜಿ. "ಒಂದ ಹಾಕವ್ವಾ." ಐದು ವಾರದಲ್ಲಿ ಆ ಚಿತ್ರಕ್ಕೆ ಬಿದ್ದ ಮೊದಲ ಒಂದು ಅದು. ಅಂಕೆಯನ್ನು ನೆಟ್ಟಗೆ ಬರೆದೆ.

ಕೊನೆಗೆ ಹಾಳೆ ನೋಡಿದರೆ ಐದು ಎಲ್ಲೂ ಇಲ್ಲ. ಮೇಡಂ ಅವರ ಪಕ್ಕ ಕೂತು, "ಮೊದಲನೇದು ಭಾಳ ಚಲೋ ಚಿತ್ರ ಅಜ್ಜಿ, ಅದಕ್ಕೂ ಐದು ಕೊಡಲಿಲ್ಲ," ಎಂದರು.

"ಕೊಡ್ತಿದ್ದೆವ್ವಾ. ಆದ್ರ ನಿಮ್ಮ ಟಿವಿಗೆ ಎಡಕ್ಕ ಕೆಳಗ ಒಂದು ಕಲಿ ಐತಿ. ಅದಕ್ಕ ಎಲ್ಲಾದಕ್ಕೂ ಒಂದೊಂದು ಕಡಿಮಿ ಹಿಡದೀನಿ."

ನಾವಿಬ್ಬರೂ ಎದ್ದು ಹೋಗಿ ನೋಡಿದೆವು. ಹೆಬ್ಬೆರಳಿನ ಗುರುತು. ಐದು ವಾರ, ಮೂರು ತಾಲ್ಲೂಕು, ಅಷ್ಟೂ ಜನರಲ್ಲಿ ಒಬ್ಬರಿಗೂ ಕಂಡಿರಲಿಲ್ಲ. ಬೆರಳು ಮೇಡಂ ಅವರದೇ.

೫. ಪುಸ್ತಕದಲ್ಲಿ ಇಲ್ಲದ ಟವೆಲ್

ನಿಪ್ಪಾಣಿಗೆ ಹೋಗುವ ಹೊತ್ತಿಗೆ ಸುದ್ದಿ ನಮಗಿಂತ ಮುಂದೆ ಹೋಗಿತ್ತು. ಪಾಠ ಮಾಡುವ ಮಾಸ್ತರು ತೀರಿಕೊಂಡಿದ್ದಾರೆ, ಅಂಕ ಬರೆದುಕೊಳ್ಳುವ ಬಾಯಿಯವರು ಅವರ ಹೆಂಡತಿ. ಬಂದವರೆಲ್ಲ ಪರದೆ ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡುತ್ತಿದ್ದರು, ಆಮೇಲೆ ಐದು ಬರೆಯುತ್ತಿದ್ದರು. ನಾನು ಹಿಂದೆ ಹೋಗಿ ಕೂತೆ. ಹಿಂದೆ ತಿರುಗಿ ನೋಡಿ ಐದು ಬರೆದರು.

ಮಧ್ಯಾಹ್ನ ಅಕ್ಕೋಳದ ಒಬ್ಬ ಮುದುಕರು ಬಂದರು. ದನದ ಸಂತೆಯಲ್ಲಿ ನಲವತ್ತು ವರ್ಷ ದಲಾಲಿ ಮಾಡಿದವರು. ಕನ್ನಡ ಒಂದು ಮಾತು, ಮರಾಠಿ ಒಂದು ಮಾತು. ಚಿತ್ರ ಮುಗಿಯಿತು, ಬೂದು ಬಣ್ಣ ಬಂತು, ಪೆನ್ನು ಮುಟ್ಟಲಿಲ್ಲ.

"ಅಂಕ ಬರೀರಿ ಅಜ್ಜಾ," ಎಂದರು ಮೇಡಂ.

"ದರಾ ಹಿಂಗ ಬೈಲಾಗ ಹೇಳೂದು ಆಮಚ್ಯಾಕಡೆ, ನಮ್ಮ ಕಡೆ, ರೂಢಿ ಇಲ್ಲವ್ವಾ," ಎಂದು ಹೆಗಲ ಮೇಲಿನ ಟವೆಲ್ ತೆಗೆದು ತಮ್ಮ ಬಲಗೈ ಮೇಲೆ ಹಾಸಿಕೊಂಡರು. "ನೀ ನನ್ನ ಮಗಳಿಗಿಂತ ಸಣ್ಣಾಕಿ. ಕೊಡು ಕೈ."

ಮೇಡಂ ನನ್ನತ್ತ ನೋಡಿದರು. ಸಣ್ಣವಳಿದ್ದಾಗ ನಾನು ಅಪ್ಪನ ಜೊತೆ ದನದ ಸಂತೆಗೆ ಹೋದವಳು. ಅಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ, ಬಟ್ಟೆಯ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಹೇಳುತ್ತಾರೆ. ಒಂದು ಬೆರಳು ಹಿಡಿದರೆ ಒಂದು, ಪೂರಾ ಕೈ ಹಿಡಿದರೆ ಐದು. ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ಇದನ್ನು ಹೇಳಿದೆ. ಮೇಡಂ ಕೈ ಕೊಟ್ಟರು. ಅಜ್ಜ ಪ್ರತಿ ಚಿತ್ರಕ್ಕೂ ಬೆರಳು ಹಿಡಿದರು, ಮೇಡಂ ಎಡಗೈಯಲ್ಲಿ ಬರೆದುಕೊಂಡರು. ಭಿನ್ನರಾಶಿಯ ಚಿಕ್ಕ ಗಾತ್ರಕ್ಕೆ ಎರಡು ಬೆರಳು.

"ಬಟ್ಟಿ ಯಾಕ ಬೇಕ್ರಿ ಇದಕ್ಕ?" ಎಂದು ಮೇಡಂ ಕೇಳಿದರು.

"ಎತ್ತಿನ ಮಾಲಕ ಮಗ್ಗಲಕ್ಕ ನಿಂತಿರ್ತಾನ. ಅವ ಅದನ್ನ ಮಗನ್ಹಂಗ ಸಾಕ್ಯಾನ. ಅವನ ಮುಂದ ನಿನ್ನ ಎತ್ತು ಕುಂಟೈತಿ ಅಂದ್ರ ಮನಸಿಗೆ ಹತ್ತೂದಿಲ್ಲೇನು? ಬಾಯಿಲೆ ಎತ್ತು ಹೊಗಳ್ತೀವಿ. ಬೆರಳಿಲೆ ದರಾ ಹೇಳ್ತೀವಿ." ಹಾಗೆಂದು ನನ್ನ ಕಡೆ ನೋಡದೆಯೇ ನನ್ನ ಕಡೆ ಕೈ ತೋರಿಸಿದರು. "ಈ ತಾಯಿ ಮಾರಿ ಮುಂದ ಇಟಗೊಂಡು ನೀವು ಮಂದೀನ್ನ ಕೇಳಾಕತ್ತೀರಿ."

ಬೆಳಗ್ಗೆ ಐದು ಬರೆದು ಹೊರಗೆ ಚಹಾ ಕುಡಿಯುತ್ತಿದ್ದವರನ್ನು ಮೇಡಂ ಮತ್ತೆ ಒಬ್ಬೊಬ್ಬರಾಗಿ ಕರೆದು ಅಜ್ಜನ ಟವೆಲ್ ಕೆಳಗೆ ಕೈ ಇಡಿಸಿದರು. ಅದೇ ಚಿತ್ರ, ಅದೇ ಜನ. ಪೂರಾ ಕೈ ಒಬ್ಬರೂ ಹಿಡಿಯಲಿಲ್ಲ.

ಮೇಡಂ ತಮ್ಮ ಗೈಡಿಗೆ ಫೋನು ಮಾಡಿದರು. ಕಾಗದದ ಅಂಕ ಬಿಟ್ಟು ಟವೆಲಿನ ಅಂಕ ತೆಗೆದುಕೊಳ್ಳಬಹುದೇ, ಕೊನೆಯ ಊರಾದ ಕಾಗವಾಡದಲ್ಲಿ ಹೊಸದಾಗಿ ಎಲ್ಲರನ್ನೂ ಟವೆಲಿನಲ್ಲೇ ಕೇಳಿ ಅದನ್ನೇ ಲೆಕ್ಕಕ್ಕೆ ಹಿಡಿಯಬಹುದೇ ಎಂದು ಕೇಳಿದರು. ಪುಸ್ತಕದಲ್ಲಿ ಕುರ್ಚಿಯ ದೂರ ಇದೆ, ಗೋಡೆಯ ಬಣ್ಣ ಇದೆ, ಬೆಳಕು ಎಷ್ಟಿರಬೇಕು ಎನ್ನುವುದಿದೆ. ಟವೆಲ್ ಇಲ್ಲ.

"ಒಬ್ಬರ ಅಂಕ ಇನ್ನೊಬ್ಬರಿಗೆ ತಿಳಿಯಬಾರದು ಅನ್ನೋದು ನಿಯಮ. ಇದರಲ್ಲಿ ತಿಳಿಯೋದಿಲ್ಲ. ಮಾಡಿ," ಎಂದರಂತೆ ಗೈಡು. "ಆದರೆ ಟವೆಲ್ ಬೂದು ಬಣ್ಣದ್ದೇ ಇರಲಿ."

೬. ಐದಕ್ಕೆ ಹತ್ತು

ನಿಪ್ಪಾಣಿಯ ಅಂಗಡಿಗಳಲ್ಲಿ ಹುಡುಕಿ ಎರಡು ಬೂದು ಟವೆಲ್ ತಂದೆವು. ಕಾಗವಾಡದಲ್ಲಿ ಗಂಡಸರ ಕೈ ಹಿಡಿಯಲು ಅಕ್ಕೋಳದ ಅಜ್ಜನೇ ಬಂದರು. ಹೆಂಗಸರ ಕೈಗೆ ನಾನು. ಮೇಡಂ ಕಂಪ್ಯೂಟರ್ ಮುಂದೆ ಕೂತು, ನಾವು ಹೊರಗೆ ಕೇಳದಂತೆ ಮೆಲ್ಲಗೆ ಹೇಳಿದ್ದನ್ನು ಬರೆದುಕೊಳ್ಳಬೇಕು.

ನಾನು ಅಜ್ಜನಿಗೆ, "ನಾನು ಮಾಸ್ತರ ಹೆಂಡತಿ. ನನ್ನ ಕೈ ಹಿಡಿಯೋರಿಗೆ ಮತ್ತ ಅದಾ ಸಂಕೋಚ ಆಗೂದಿಲ್ಲೇನ್ರಿ?" ಎಂದು ಕೇಳಿದೆ.

"ಅರಿವಿ ಕೆಳಗ ಕೈ ಇಟ್ಟ ಮ್ಯಾಲ ನೀವು ಯಾರ ಹೆಂಡತೀನೂ ಅಲ್ಲವ್ವಾ. ದಲಾಲ," ಎಂದರು ಅಜ್ಜ.

ದಲಾಲಳಾದ ಮೇಲೆ ನನಗೆ ಒಂದು ವಿಷಯ ಹೊಳೆಯಿತು. ಟವೆಲ್ ಕೆಳಗೆ ಎಷ್ಟು ಬೆರಳು ಬಿತ್ತು ಎನ್ನುವುದು ಹಿಡಿದವರಿಗೂ ನನಗೂ ಮಾತ್ರ ಗೊತ್ತು. ಮೂರು ಹಿಡಿದರೆ ಒಂದು ಎಂದು ಹೇಳಬಹುದು, ಕೇಳುವವರಿಲ್ಲ. ಆದರೆ ನಮ್ಮ ಮನೆಯವರು ಉತ್ತರ ಪತ್ರಿಕೆ ತಿದ್ದುವಾಗ ಸ್ವಂತ ತಂಗಿಯ ಮಗನಿಗೂ ಅರ್ಧ ಅಂಕ ಹೆಚ್ಚು ಹಾಕಿದವರಲ್ಲ. ಅವರ ಪಾಠವನ್ನೇ ಸುಳ್ಳು ಅಂಕದಿಂದ ಉಳಿಸುವುದು ನನ್ನಿಂದಾಗಲಿಲ್ಲ. ಬಿದ್ದಷ್ಟು ಬೆರಳು ಹೇಳಿದೆ. ಮೂರು ಬಿದ್ದಾಗ ಮೂರು, ನಾಲ್ಕು ಬಿದ್ದಾಗ ನಾಲ್ಕು.

ಸಂಜೆಗೆ ಒಬ್ಬರು ಮಾತ್ರ ಉಳಿದಿದ್ದರು. ಮೇಡಂ ಅಲ್ಲಿಯವರೆಗಿನದನ್ನು ಕೂಡಿಸಿ ನೋಡಿ ನನ್ನನ್ನು ಕರೆದು ತೋರಿಸಿದರು. ಭಿನ್ನರಾಶಿಯ ಚಿಕ್ಕ ಗಾತ್ರದ ಸರಾಸರಿ ಕರಾರುವಾಕ್ಕಾಗಿ ಮೂರಕ್ಕೆ ನಿಂತಿತ್ತು. ಕೊನೆಯವರು ಮೂರು ಅಥವಾ ಹೆಚ್ಚು ಕೊಟ್ಟರೆ ಆ ಗಾತ್ರ ಪಾಸು. ಕಡಿಮೆ ಕೊಟ್ಟರೆ ನಪಾಸು.

ಕೊನೆಯವಳು ಯಾರು ಎಂದು ನೋಡಿದೆ. ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡಿಗೆ ಮಾಡುತ್ತಿದ್ದ ಆಯಿ. ಕೆಲಸ ಬಿಟ್ಟ ಮೇಲೆ ತವರೂರಾದ ಕಾಗವಾಡಕ್ಕೆ ಬಂದಿದ್ದಾಳೆ. ನಮ್ಮ ಮನೆಯವರನ್ನು ದಿನವೂ ಮಧ್ಯಾಹ್ನ ಎರಡನೇ ಸಲ ಬಡಿಸಿಕೊಳ್ಳದೆ ಏಳಲು ಬಿಟ್ಟವಳಲ್ಲ. ನಾನು ಲೆಕ್ಕ ಅಲ್ಲಿಗೇ ಮುಗಿಯಿತು ಎಂದುಕೊಂಡೆ.

ಆಯಿಯ ಕಣ್ಣಿನ ಪರೀಕ್ಷೆ ಸರಿಯಾಯಿತು. ಕುರ್ಚಿಯ ಮೇಲೆ ಕೂತಳು. ನಾನು ಟವೆಲ್ ಹಾಸಿದೆ. ಬಾಗಿಲ ಹೊರಗೆ ನೋಡಿ ಮುಗಿಸಿದ ಹೆಂಗಸರು ಸಾಲಾಗಿ ಕೂತಿದ್ದರು. ಒಳಗೆ ಜೋರಾಗಿ ಆಡಿದ ಮಾತು ಅವರಿಗೆ ಕೇಳುತ್ತಿತ್ತು.

ತೋಟ, ಹೊಳೆ, ಕ್ರಿಕೆಟ್ ಆಯಿತು. ಹಿಂದುಮುಂದಾಗಿ ಬರುವ ಗಾತ್ರಗಳು ಅವಳ ಸರದಿಗೆ ದೊಡ್ಡದರಿಂದ ಚಿಕ್ಕದಕ್ಕೇ ಬಿದ್ದಿದ್ದವು. ಭಿನ್ನರಾಶಿ ಪಾಠ ಮೊದಲನೇ ಗಾತ್ರದಲ್ಲಿ ಬಂತು. ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮ ಮಾಸ್ತರ್ರು. ಚಂದ ಅದಾರ," ಎಂದು ಮೆಲ್ಲಗೆ ಹೇಳಿದಳು. ಟವೆಲ್ ಕೆಳಗೆ ಪೂರಾ ಕೈ.

ಎರಡನೇದು ಬಂತು. "ಭಾಳ ಚಂದ ಅದಾರ್ರಿ." ನಾಲ್ಕು ಬೆರಳು.

ಮೂರನೇದು. "ಇಂಥಾ ಮಾಸ್ತರ ಹುಡುಕಿದ್ರೂ ಸಿಗೂದಿಲ್ರಿ. ಐದು ಕೊಟ್ಟೀನ್ರಿ," ಎಂದಳು, ಈಗ ಹೊರಗಿನವರಿಗೂ ಕೇಳುವಷ್ಟು. ಮೂರು ಬೆರಳು.

ಬೆರಳು ಇಳಿದಷ್ಟೂ ಹೊಗಳಿಕೆ ಏರುತ್ತಿತ್ತು. ಎಲ್ಲಕ್ಕಿಂತ ಚಿಕ್ಕ ಗಾತ್ರ ಬಂತು. ಆಯಿ ಪರದೆಯನ್ನು ನೋಡಿದಳು, ಹುಬ್ಬು ಗಂಟಿಕ್ಕಿದಳು, ಆಮೇಲೆ ಬಾಗಿಲ ಕಡೆ ಮುಖ ಮಾಡಿ ಇಡೀ ಓಣಿಗೆ ಕೇಳುವಂತೆ ಹೇಳಿದಳು. "ದೇವರಂಥಾ ಮನಿಷ್ಯಾರಿ ಅವ್ರು. ನಾ ಐದಲ್ಲ, ಹತ್ತು ಕೊಟ್ಟೀನಿ."

ಟವೆಲ್ ಕೆಳಗೆ ನನ್ನ ತೋರುಬೆರಳೊಂದನ್ನೇ ಹಿಡಿದು, ರೊಟ್ಟಿ ತಟ್ಟಿ ತಟ್ಟಿ ಗಟ್ಟಿಯಾದ ಕೈಯಿಂದ ಹಿಂಡುತ್ತಿದ್ದಳು.

"ಎಷ್ಟು?" ಎಂದರು ಮೇಡಂ.

"ಒಂದು," ಎಂದು ಮೆಲ್ಲಗೆ ಹೇಳಿದೆ.

ಮೇಡಂ ಪೆನ್ನನ್ನು ಹಾಳೆಯಿಂದ ಎತ್ತಿದರು. ಏಳು ವಾರದಲ್ಲಿ ನನ್ನ ಒಂದು ಅಂಕೆಯನ್ನೂ ಅವರು ಎರಡನೇ ಸಲ ಕೇಳಿದವರಲ್ಲ. "ಹತ್ತು ಅನ್ನಾಕತ್ತಾರಲ್ರಿ ಬಾಯಿಯವರ."

"ಒಂದು ಬರೀರಿ ಮೇಡಂ," ಎಂದೆ, ಅಷ್ಟೇ ಮೆಲ್ಲಗೆ.

ಮೇಡಂ ನನ್ನನ್ನು ನೋಡಿದರು, ಆಯಿಯನ್ನು ನೋಡಿದರು, ಅಂಕದ ಹಾಳೆಯನ್ನು ನೋಡಿದರು. ಈ ಒಂದು ಅಂಕದಿಂದ ಏನಾಗುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅವರು ಎದ್ದು ಬಂದರು, ಬಹಳ ಸಂಕೋಚದಿಂದ ಟವೆಲಿನ ತುದಿ ಹಿಡಿದು ಎತ್ತಿದರು. ನನ್ನ ಬೆರಳು ಆಯಿಯ ಮುಷ್ಟಿಯಲ್ಲಿ ಕೆಂಪಗಾಗಿ ನಿಂತಿತ್ತು.

ಆಯಿ ಗಾಬರಿಯಿಂದ ಟವೆಲ್ ಎಳೆದು ಮತ್ತೆ ಮುಚ್ಚಿದಳು. "ಅಯ್ಯ, ಅರಿವಿ ಯಾಕ ಎತ್ತಿದ್ರಿ ನಮ್ಮವ್ವಾ. ಮಂದಿ ಅದಾರ," ಎಂದು ಪಿಸುಗುಟ್ಟಿದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಬ್ಯಾಸರ ಮಾಡ್ಕೋಬ್ಯಾಡ್ರಿ ಬಾಯಾರ. ಮಾಸ್ತರ ಮಾರಿ ಕಾಣವಲ್ದು, ಅವರು ಬರ್ದದ್ದ ಕಾಣವಲ್ದು. ಇದಕ್ಕ ಹೆಚ್ಚಿಗೆ ಕೊಟ್ರ ಅವರನ್ನ ಹಿಂಗಾ ಎಲ್ಲಾ ಊರಿಗೂ ಕಳಸ್ತೀರಿ. ಅದಕ್ಕ ಒಂದಾ ಕೊಟ್ಟೀನಿ," ಎಂದಳು.

ನಾವು ಯಾರಿಗೂ ಹೇಳಿರದಿದ್ದ ಲೆಕ್ಕವನ್ನು ಆಯಿ ತಾನೇ ಮಾಡಿದ್ದಳು.

ಮೇಡಂ ಒಂದು ಎಂದು ಬರೆದರು, ಕೂಡಿಸಿದರು, ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಚಿಕ್ಕ ಗಾತ್ರ ನಪಾಸಾಗಿತ್ತು. ಆಯಿ ಮೂರು ಬೆರಳು ಹಿಡಿದ ಗಾತ್ರ ಪಾಸಾಗಿತ್ತು. ಈಗ ಪಾಠಗಳು ಹೋಗುತ್ತಿರುವುದು ಅದರಲ್ಲೇ. ಎಂಟನೇ ಮೂರು, ಎಂಟನೇ ಮೂರಾಗಿಯೇ ಹೋಗುತ್ತಿದೆ.

ನಾನು ಏನಾದರೂ ಹೇಳುವ ಮೊದಲೇ ಆಯಿ ಎದ್ದು ಸೆರಗು ಸರಿಮಾಡಿಕೊಂಡು ಹೊರಗೆ ಹೋಗಿದ್ದಳು. ಸಾಲಾಗಿ ಕೂತಿದ್ದ ಹೆಂಗಸರಲ್ಲಿ ಒಬ್ಬಳು, "ಖರೇನ ಹತ್ತು ಕೊಟ್ಟೆಯೇನ ಆಯಿ?" ಎಂದು ಕೇಳಿದ್ದು ನಮಗೆ ಕೇಳಿಸಿತು.

"ಮತ್ತ? ಮೇಡಂಗ ನಂಬಿಕಿ ಬರ್ಲಿಲ್ಲ, ಅರಿವಿ ಎತ್ತಿ ಎಣಸಿ ನೋಡಿದ್ರು," ಎಂದಳು ಆಯಿ.